ಮೂರು ಸಲ ಅದ್ದಿದ ಸೇಡು

ಸೇಡು ಎಂದರೆ ಚಾಕು, ವಿಷ, ಕೋರ್ಟು ಎಂದುಕೊಂಡವರು ನಮ್ಮ ಅದ್ದಕ್ಕನನ್ನು ನೋಡಿಲ್ಲ. ಅವಳು ಹಗೆ ಸಾಧಿಸಿದ್ದು ಒಬ್ಬ ಮನುಷ್ಯನ ಮುರಿದ ಕಾಲನ್ನು ನೆಟ್ಟಗೆ ಮಾಡಿ. ಎದುರು ಮೇಜಿನಲ್ಲೇ ಕೂತು ಎಲ್ಲವನ್ನೂ ನೋಡಿದವಳು ನಾನು. ಹಾಗಾಗಿ ಈ ಕಥೆ ಹೇಳುವ ಹಕ್ಕು ನನಗಿದೆ. ಹೇಳುವಾಗ ನಾನೂ ತಲೆ ತಗ್ಗಿಸಬೇಕಾದ ಒಂದು ಜಾಗ ಬರುತ್ತದೆ, ಅದನ್ನೂ ಬಿಡುವುದಿಲ್ಲ.

ನಮ್ಮದು ಮೂಳೆಗೆ ಹಾಕುವ ಸ್ಕ್ರೂ ಮಾಡುವ ಸಣ್ಣ ಕಾರ್ಖಾನೆ. ಸ್ಟೀಲಿನದಲ್ಲ, ಮೆಗ್ನೀಸಿಯಮ್ ಮಿಶ್ರಲೋಹದ್ದು. ಸ್ಟೀಲ್ ಹಾಕಿದರೆ ಅದನ್ನು ತೆಗೆಯಲು ಎಷ್ಟೋ ಸಲ ಮತ್ತೆ ಕೊಯ್ಯಬೇಕಾಗುತ್ತದೆ. ಇದು ಮೂಳೆ ಕೂಡಿದ ಮೇಲೆ ಮೈಯೊಳಗೇ ಮೆಲ್ಲಗೆ ಕರಗಿಹೋಗುತ್ತದೆ. ಕೇಳಲು ಚೆಂದ. ಆದರೆ ಈ ಲೋಹಕ್ಕೆ ತಾಳ್ಮೆ ಎಂಬುದೇ ಇಲ್ಲ. ಬರಿಮೈಯಲ್ಲಿ ಬಿಟ್ಟರೆ ಮೂಳೆ ಕೂಡುವ ಮೊದಲೇ ಕರಗಲು ಶುರುಮಾಡಿ ಗುಳ್ಳೆ ಗುಳ್ಳೆಯಾಗಿ ಗಾಳಿ ಬಿಡುತ್ತದೆ. ಅದಕ್ಕೇ ಒಂದು ಅಂಗಿ ತೊಡಿಸಬೇಕು. ಮೊದಲು ವಿದ್ಯುತ್ ಹರಿಯುವ ತೊಟ್ಟಿಯಲ್ಲಿ ಇಳಿಸಿದರೆ ಮೈಮೇಲೆ ಪಿಂಗಾಣಿಯಂಥ ಪದರ ಕಟ್ಟುತ್ತದೆ. ಆ ಪದರದ ತುಂಬ ಕಣ್ಣಿಗೆ ಕಾಣದ ತೂತುಗಳು. ಅವನ್ನು ಮುಚ್ಚಲು ಸಿಗಡಿ ಚಿಪ್ಪಿನಿಂದ ತೆಗೆದ ಅಂಟಿನಲ್ಲಿ ಅದ್ದಬೇಕು. ಕ್ರಿಮಿಗಳು ಸಾಯಲೆಂದು ಆ ಅಂಟಿಗೆ ಚೂರು ಬೆಳ್ಳಿಯ ಅಂಶ ಬೆರೆಸಿರುತ್ತೇವೆ.

ಈ ಅದ್ದುವ ಕೆಲಸ ಹದಿನಾಲ್ಕು ವರ್ಷದಿಂದ ಅವಳದು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಗೇಟು ಕಾಯುವವನಿಂದ ಮಾಲೀಕರವರೆಗೆ ಎಲ್ಲರ ಬಾಯಲ್ಲೂ ಅದ್ದಕ್ಕ. ಮೂರು ಸಲ ಅದ್ದಬೇಕು, ಪ್ರತಿ ಸಲವೂ ಆರು ಗಂಟೆ ನೆರಳಲ್ಲಿ ಒಣಗಬೇಕು. ಐದೂಮುಕ್ಕಾಲು ಗಂಟೆಗೆ ಯಾರಾದರೂ ತಟ್ಟೆಗೆ ಕೈ ಹಾಕಿದರೆ ಕೈ ಮೇಲೆ ಏಟು ಬೀಳುತ್ತಿತ್ತು. ‘ಬಿಸಿಲಲ್ಲಿ ಬಾಗಿಲಿಗೆ ಬಣ್ಣ ಬಳಿದು ನೋಡಿದ್ದೀಯಾ? ಮೇಲೆ ಒಣಗಿರುತ್ತೆ, ಒಳಗೆ ಹಸಿ. ನಾಲ್ಕು ದಿನಕ್ಕೆ ಬಿರುಕು’ ಎನ್ನುತ್ತಿದ್ದಳು. ಅವಳು ಅದ್ದಿದ್ದರಲ್ಲಿ ಒಂದೆರಡನ್ನು ಮೈಶಾಖದ ಉಪ್ಪುನೀರಿನಲ್ಲಿ ಮುಳುಗಿಸಿ ಎಷ್ಟು ಗುಳ್ಳೆ ಬರುತ್ತವೆ ಎಂದು ಎಣಿಸುವುದು ನನ್ನ ಕೆಲಸ. ಗುಳ್ಳೆ ಎಣಿಸಿ ಸಂಬಳ ತರುವ ಹೆಂಡತಿ ಎಂದು ನನ್ನ ಗಂಡ ಇವತ್ತಿಗೂ ನಗುತ್ತಾನೆ.

ಎರಡೂವರೆ ವರ್ಷದ ಹಿಂದೆ ಹೊಸ ಮುಖ್ಯಸ್ಥರು ಬಂದರು. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವ ಮನುಷ್ಯ. ವಾರದೊಳಗೆ ‘ಗಡಿಯಾರ’ ಎಂಬ ಹೆಸರು ಬಿತ್ತು. ಹದಿನೆಂಟು ಗಂಟೆ ಒಣಗಿಸುವುದು ಅವರ ಕಣ್ಣಿಗೆ ಸೋಮಾರಿತನವಾಗಿ ಕಂಡಿತು. ಒಂದೇ ಸಲ ಅದ್ದಿ, ಒಂದು ಗಂಟೆ ಓವನ್‌ನಲ್ಲಿಟ್ಟು ತೆಗೆಯಿರಿ ಎಂದರು. ಬಾಯಲ್ಲಿ ಎಂದರು, ಕಾಗದದಲ್ಲಲ್ಲ. ನಮ್ಮ ಕೆಲಸದ ಚೀಟಿಯಲ್ಲಿ ‘ಮೂರು ಸಲ, ನೆರಳಲ್ಲಿ ಆರಾರು ಗಂಟೆ’ ಎಂದೇ ಅಚ್ಚಾಗಿತ್ತು. ಹೊಸ ಚೀಟಿ ಅಚ್ಚಾಗಿ ಬರಲಿ, ಅಲ್ಲಿಯವರೆಗೆ ಇದಕ್ಕೇ ಸಹಿ ಹಾಕು ಎಂದರು. ಅದ್ದಕ್ಕ ಮೂಗು ಮುರಿದಳು, ಗೊಣಗಿದಳು, ಸಹಿ ಹಾಕಿದಳು. ಅವಳ ಜೀವನದ ದೊಡ್ಡ ತಪ್ಪು ಅದೇ. ಹೊಸ ಚೀಟಿ ಬರಲೇ ಇಲ್ಲ.

ನಾನು ತಲೆ ತಗ್ಗಿಸಬೇಕಾದ ಜಾಗ ಇದು. ಓವನ್ನಿನ ಸ್ಕ್ರೂಗಳು ನನ್ನ ನೀರಿನಲ್ಲಿ ಮೂರನೇ ದಿನಕ್ಕೇ ಗುಳ್ಳೆ ಬಿಟ್ಟವು. ಹೋಗಿ ಹೇಳಿದೆ. ಗಡಿಯಾರದವರು ಮಣಿಕಟ್ಟು ನೋಡಿ, ‘ಗಾಜು ಸರಿಯಾಗಿ ತೊಳೆದಿಲ್ಲ ನೀವು’ ಎಂದರು. ಗಾಜು ತೊಳೆದೆ, ಮತ್ತೆ ಇಟ್ಟೆ, ಮತ್ತೆ ಗುಳ್ಳೆ ಬಂತು. ಎರಡನೇ ಸಲ ನಾನು ಬಾಯಿ ತೆರೆಯಲಿಲ್ಲ. ಕೆಲಸ ಹೋದರೆ ಎಂಬ ಹೆದರಿಕೆ, ಬೇರೇನೂ ಅಲ್ಲ.

ಅದ್ದಕ್ಕನಿಗೆ ಒಬ್ಬಳೇ ತಂಗಿ. ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿ ಎರಡು ಕೋಣೆಯಲ್ಲಿ ಇದ್ದವರು. ತಂಗಿ ಬಟ್ಟೆ ಹೊಲಿಯುವವಳು, ಬಾಗಿಲ ಪಕ್ಕದಲ್ಲೇ ಅವಳ ಕಾಲುಮಿಷನ್ನು. ಒಂದು ದಿನ ಬಸ್ಸಿನ ಮೆಟ್ಟಿಲಿಂದ ಬಿದ್ದು ಬಲಗಾಲಿನ ಹರಡು, ಅಂದರೆ ಪಾದದ ಗೆಣ್ಣು, ಮುರಿಯಿತು. ಆಸ್ಪತ್ರೆಯಲ್ಲಿ ಸ್ಟೀಲೋ ಇದೋ ಎಂದು ಕೇಳಿದಾಗ ಉತ್ತರ ಕೊಟ್ಟವಳು ಅಕ್ಕ. ‘ನಮ್ಮದೇ ಹಾಕಿ ಡಾಕ್ಟ್ರೇ, ಇನ್ನೊಂದು ಸಲ ಕೊಯ್ಯೋದು ಬೇಡ.’

ಇಪ್ಪತ್ತನೇ ದಿನಕ್ಕೆ ಹರಡು ಊದಿತು. ಒತ್ತಿದರೆ ಚರ್ಮದಡಿ ಚರಚರ ಎನ್ನುತ್ತಿತ್ತು, ಒಳಗೆ ಗಾಳಿ ತುಂಬಿತ್ತು. ಆಮೇಲೆ ಕೀವು. ಎರಡು ಸಲ ಕೊಯ್ದು ತೊಳೆದು ಸ್ಕ್ರೂ ತೆಗೆದರು. ಜೀವ ಉಳಿಯಿತು, ಹರಡು ಮಡಚುವುದು ನಿಂತಿತು. ವಿಚಾರಣೆಯಲ್ಲಿ ಗಡಿಯಾರದವರು ಚೀಟಿ ಎತ್ತಿ ತೋರಿಸಿದರು. ಕ್ರಮ ಸರಿಯಾಗಿದೆ, ಸಹಿ ಇದೆ, ಹಾಗಾದರೆ ಕೆಟ್ಟದ್ದು ಹೇಗೆ? ಗವಸು ಹಾಕದೆ ಬೆವರುಗೈಯಲ್ಲಿ ಮುಟ್ಟಿದ್ದಾಳೆ ಎಂದರು. ಓವನ್ನಿನ ಬಗ್ಗೆ ಅದ್ದಕ್ಕ ಹೇಳಿದ್ದು ಅವಳದೇ ಸಹಿಯ ಮುಂದೆ ನಿಲ್ಲಲಿಲ್ಲ. ಅದನ್ನೇ ಅಕ್ಕತಂಗಿಯರ ಮನೆ ಬಾಗಿಲಿಗೆ ಹೋಗಿ, ತುಂಬ ಬೇಸರದ ಮುಖ ಮಾಡಿಕೊಂಡು, ತಂಗಿಗೂ ಹೇಳಿ ಬಂದರು. ತಮ್ಮ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೂ ಸಮಯ ಹೊಂದಿಸಿಕೊಂಡಿದ್ದರು. ಅದ್ದಕ್ಕನನ್ನು ಪಾತ್ರೆ ತೊಳೆಯುವ ಕೋಣೆಗೆ ಹಾಕಿದರು. ತೊಟ್ಟಿ ಮುಟ್ಟಬಾರದು ಎಂಬ ಆಜ್ಞೆ ಮಾತ್ರ ಚೆನ್ನಾಗಿ ಅಚ್ಚಾಗಿ ಬಂತು.

ಅಂದಿನಿಂದ ತಂಗಿ ಅಕ್ಕನೊಡನೆ ಮಾತು ಬಿಟ್ಟಳು. ಓವನ್ನಿನ ಕಥೆ ಹೇಳಲು ಹೋದರೆ ಮಿಷನ್ನು ಜೋರಾಗಿ ತುಳಿಯುತ್ತಿದ್ದಳು, ಬಲಗಾಲು ಆಗದೆ ಎಡಗಾಲಿನಲ್ಲಿ. ಒಂದು ಮಧ್ಯಾಹ್ನ ಅದ್ದಕ್ಕ ಪಾತ್ರೆ ತಿಕ್ಕುತ್ತಾ ನನಗೆ ಹೇಳಿದಳು.

‘ಅವನನ್ನ ಬಿಡಲ್ಲ ಕಣೇ. ಅವನ ಕೈಯಿಂದ್ಲೇ ಹೇಳಿಸ್ತೀನಿ.’

‘ಏನ್ ಮಾಡ್ತೀಯಕ್ಕ?’

‘ಗೊತ್ತಿಲ್ಲ. ಕಾಯೋದು ನಂಗೆ ಅಭ್ಯಾಸ.’

ಒಂದು ವರ್ಷ ಕಾದಳು. ಆಮೇಲೆ ಗಡಿಯಾರದವರು ಕಾರ್ಖಾನೆಯ ಮೆಟ್ಟಿಲಿಳಿಯುತ್ತಾ, ಗಂಟೆ ನೋಡುತ್ತಾ, ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟರು. ಬಲಗಾಲಿನ ಹರಡು. ನಕ್ಕಿದ್ದು ತಪ್ಪು, ಆದರೆ ನಾನು ನಕ್ಕೆ. ಮೂಳೆ ಡಾಕ್ಟರು ಬಂದು ನೋಡಿ, ‘ಊತ ಇಳೀಲಿ, ನಾಲ್ಕು ದಿನ ಬಿಟ್ಟು ಕೂಡಿಸೋಣ. ನಿಮ್ಮದೇ ಸ್ಕ್ರೂ ಹಾಕ್ತೀನಿ, ನೀವೇ ಜಾಹೀರಾತು’ ಎಂದು ಮಾಲೀಕರೆದುರೇ ಬೆನ್ನು ತಟ್ಟಿದರಂತೆ. ಬೇಡ ಎನ್ನಲು ಯಾವ ಬಾಯಿ? ಅದೇ ಸಂಜೆ ತೊಳೆಯುವ ಕೋಣೆಗೆ ಅವರ ಫೋನ್ ಬಂತು.

ಅದ್ದಕ್ಕ ನನ್ನನ್ನೂ ಕರೆದುಕೊಂಡು ವಾರ್ಡಿಗೆ ಹೋದಳು. ಗಡಿಯಾರದವರ ಕಾಲು ದಿಂಬಿನ ಮೇಲಿತ್ತು, ಮುಖ ಸುಣ್ಣ ಬಳಿದ ಹಾಗಿತ್ತು.

‘ನೋಡಮ್ಮ, ನಂಗೆರಡು ಸ್ಕ್ರೂ ಹಳೇ ಥರ ಮಾಡ್ಕೊಡು. ಮೂರು ಸಲ ಅದ್ದಿ.’

‘ಕಪಾಟಿನ ತುಂಬ ಇದೆಯಲ್ಲ ಸಾರ್, ಸ್ಕ್ರೂ.’

‘ಅವು ಬೇಡ.’

‘ಯಾಕೆ ಸಾರ್?’

ಅವರು ಮಣಿಕಟ್ಟು ನೋಡಿಕೊಂಡರು.

‘ತೊಟ್ಟಿ ಮುಟ್ಟಬಾರದು ಅಂತ ನೀವೇ ಬರ್ದಿದ್ದೀರಿ. ಮುಟ್ಟು ಅಂತಲೂ ನೀವೇ ಬರ್ದುಕೊಡಿ. ಯಾಕೆ ಅನ್ನೋದೂ ಇರಲಿ. ಇಲ್ದಿದ್ರೆ ನಾನು ಪಾತ್ರೆ ತೊಳ್ಕೊಂಡಿರ್ತೀನಿ.’

‘ಇದು ಯಾರ ಕಣ್ಣಿಗೂ ಬೀಳಬಾರದು.’

‘ನನ್ನ ಕೆಲಸಕ್ಕೊಂದು ಕಾಗದ ಬೇಕು ಅಷ್ಟೇ’ ಎಂದಳು. ತೋರಿಸುವುದಿಲ್ಲ ಎಂದು ಹೇಳಲಿಲ್ಲ, ಇದಕ್ಕೆ ನಾನು ಸಾಕ್ಷಿ.

ಹೆದರಿದ ಮನುಷ್ಯ ಬರೆದ. ‘ಕಪಾಟಿನ ಸ್ಕ್ರೂಗಳು ಒಂದೇ ಸಲ ಅದ್ದಿ ಓವನ್‌ನಲ್ಲಿ ಒಣಗಿಸಿದವು, ಎರಡು ವರ್ಷದಿಂದ ನನ್ನ ಬಾಯಿಮಾತಿನ ಮೇಲೆ ಹೀಗೇ ನಡೆದಿದೆ, ಅವು ಬೇಗ ಕೆಡುವ ಸಂಭವ ಇರುವುದರಿಂದ ನನಗೆ ಹಳೆಯ ಕ್ರಮದವು ಬೇಕು.’ ಕೆಳಗೆ ಸಹಿ, ತಾರೀಖು, ಗಂಟೆ, ನಿಮಿಷ. ಚಟ ಎಲ್ಲಿ ಹೋಗುತ್ತದೆ?

ದಾರಿಯಲ್ಲಿ ನಾನು ಕೇಳಿದೆ, ‘ಈಗ ಸ್ಕ್ರೂ ಕೆಡಿಸ್ತೀಯಾ?’ ನಿಜ ಹೇಳುತ್ತೇನೆ, ಹೂಂ ಅಂದಿದ್ದರೆ ಸಂತೋಷಪಡುತ್ತಿದ್ದೆ.

‘ಹುಚ್ಚಿ. ಇವನ ಕಾಲು ಕೊಳೆತರೆ ಮತ್ತೆ ನನ್ನ ಕೈಯೇ ಅಂತಾರೆ. ಇವನು ಓಡಾಡ್ಬೇಕು. ಕುಣೀಬೇಕು. ಆಗ ಗೊತ್ತಾಗುತ್ತೆ ಕೆಟ್ಟದ್ದು ಕೈಯೋ ಓವನ್ನೋ ಅಂತ.’

ಆ ಎರಡು ಸ್ಕ್ರೂಗಳ ಮೇಲೆ ಅವಳು ಮಾಡಿದಂಥ ಕೆಲಸವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಗವಸಿನ ಮೇಲೆ ಗವಸು. ಅದ್ದುವಾಗ ಹಲ್ಲು ಕಚ್ಚಿಕೊಂಡಿದ್ದಳು, ಬಾಯಲ್ಲಿ ಸಣ್ಣಗೆ ಬೈಗುಳ. ಆರು ಗಂಟೆ ಎಂದರೆ ಆರು ಗಂಟೆ, ತಟ್ಟೆಯ ಪಕ್ಕದಲ್ಲೇ ಕೂತಳು. ಅಷ್ಟು ದ್ವೇಷದಿಂದ ಅಷ್ಟು ಒಳ್ಳೆಯ ಕೆಲಸವಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅದೇ ತಟ್ಟೆಯ ಮೂರನೇ ಸ್ಕ್ರೂ ನನ್ನ ಉಪ್ಪುನೀರಿಗೆ ಬಂತು. ಇಪ್ಪತ್ತು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ, ಹೇಳಿಕೊಳ್ಳುವಂಥ ಒಂದು ಗುಳ್ಳೆಯಿಲ್ಲ. ಕಪಾಟಿನ ಹಳೆಯ ಪೆಟ್ಟಿಗೆಗಳಿಗೆಲ್ಲ ಈ ಸಲ ನಾನೇ ‘ಮರುಪರೀಕ್ಷೆ ಬಾಕಿ’ ಎಂದು ಕೆಂಪು ಪಟ್ಟಿ ಕಟ್ಟಿಬಿಟ್ಟೆ. ಬಿಚ್ಚಲು ಹೇಳಬೇಕಾದವರು ಹಾಸಿಗೆಯಲ್ಲಿದ್ದರು.

ಮೂರು ತಿಂಗಳು ಅದ್ದಕ್ಕ ಕಾಗದವನ್ನು ಯಾರಿಗೂ ತೋರಿಸಲಿಲ್ಲ, ತಂಗಿಗೂ ಇಲ್ಲ. ದಿನಾ ಆಸ್ಪತ್ರೆಗೆ ಫೋನ್ ಮಾಡಿ ಅವರ ಕಾಲು ಹೇಗಿದೆ ಎಂದು ವಿಚಾರಿಸುತ್ತಿದ್ದಳು. ನರ್ಸು ಇವಳನ್ನು ಹೆಂಡತಿ ಎಂದೇ ತಿಳಿದಿದ್ದಳು.

ಕೊನೆಗೆ ಎಕ್ಸ್‌ರೇ ಬಂತು. ಮೂಳೆ ಚೊಕ್ಕವಾಗಿ ಕೂಡಿತ್ತು. ಗಡಿಯಾರದವರು ನಮ್ಮನ್ನೆಲ್ಲ ಸಭೆಗೆ ಕರೆದು, ಮಾಲೀಕರು ಮತ್ತು ಡಾಕ್ಟರ ಮುಂದೆ ತಮ್ಮ ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು, ‘ಇದೇ ನಮ್ಮ ಸ್ಕ್ರೂವಿನ ಯೋಗ್ಯತೆ’ ಎಂದರು. ಅದ್ದಕ್ಕ ಎದ್ದು ಬಂದು ಅದರ ಪಕ್ಕಕ್ಕೆ ತಂಗಿಯ ಎಕ್ಸ್‌ರೇ ಹಿಡಿದಳು. ಮಾಲೀಕರ ಕೈಗೆ ಕಾಗದ ಕೊಟ್ಟಳು.

‘ಎರಡೂ ನಾನೇ ಅದ್ದಿದ್ದು ಸಾರ್, ಇದೇ ಕೈಯಲ್ಲಿ. ಒಂದು ಅವರು ಹೇಳಿದ ಥರ, ಒಂದು ಅವರು ತಮಗೆ ಬೇಕು ಅಂದ ಥರ.’

ಮಾಲೀಕರು ಓದಿ ಡಾಕ್ಟರಿಗೆ ಕೊಟ್ಟರು. ಡಾಕ್ಟರು ಎರಡು ಸಲ ಓದಿದರು. ನಾನೂ ಎದ್ದು ನಿಂತು, ಎರಡು ವರ್ಷ ನುಂಗಿಕೊಂಡಿದ್ದ ಗುಳ್ಳೆಯ ಲೆಕ್ಕ ಒಪ್ಪಿಸಿದೆ. ಅಂದೇ ಕಪಾಟಿಗೆ ಬೀಗ ಬಿತ್ತು, ಆಸ್ಪತ್ರೆಗಳಿಗೆ ಪತ್ರ ಹೋಯಿತು, ಗಡಿಯಾರದವರ ಕೆಲಸವೂ ಹೋಯಿತು. ಅವರು ಮೆಟ್ಟಿಲ ಹತ್ತಿರ ಬಂದಾಗ ಅದ್ದಕ್ಕ ಕೈಕಟ್ಟಿ ನಿಂತಿದ್ದಳು.

‘ನಿಧಾನವಾಗಿ ಇಳೀರಿ ಸಾರ್. ಆ ಕಾಲು ನನ್ನ ಕೆಲಸ.’

ಅವರು ಸ್ವಲ್ಪವೂ ಕುಂಟದೆ ಇಳಿದು ಹೋದರು. ಅವಳು ಕಣ್ಣು ತುಂಬ ನೋಡಿದಳು. ನನಗೂ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ನೇರ ಅವಳ ಮನೆಗೆ, ನಾನೂ ಜೊತೆಗೆ. ತಂಗಿ ಮಿಷನ್ನಿನ ಮುಂದೆ ಕೂತಿದ್ದಳು. ಅದ್ದಕ್ಕ ಕಾಗದವನ್ನು ಹೊಲಿಯುತ್ತಿದ್ದ ಬಟ್ಟೆಯ ಮೇಲೆ ಇಟ್ಟು, ಬಹುಮಾನ ಗೆದ್ದವರ ಹಾಗೆ ನಿಂತಳು. ತಂಗಿ ಓದಿದಳು. ಬಹಳ ಹೊತ್ತು ಓದಿದಳು. ಆಮೇಲೆ ವರ್ಷ ದಾಟಿದ ಮೇಲೆ ಮೊದಲ ಸಲ ಅಕ್ಕನ ಮುಖ ನೋಡಿ ಮಾತಾಡಿದಳು.

‘ಹಾಗಾದ್ರೆ ನಿನ್ನ ಕೈ ತಪ್ಪಲ್ಲ.’

‘ಅಲ್ಲ.’

‘ಓವನ್ನಿನ ವಿಷಯ ಆಗ್ಲೇ ಗೊತ್ತಿತ್ತಲ್ಲ ನಿಂಗೆ?’

‘ಗೊತ್ತಿತ್ತು’ ಎಂದಳು ಅದ್ದಕ್ಕ.

‘ಅವನ ಕಾಲಿಗೆ ಬರೆಸ್ಕೊಂಡೇ ಮುಟ್ಟಿದ್ಯಲ್ಲ’ ಎಂದಳು ತಂಗಿ, ‘ನನ್ನ ಕಾಲಿಗೂ ಹಾಗೇ ಮಾಡಬಹುದಿತ್ತಲ್ಲಕ್ಕ.’

ಅವಳು ಜಗಳಕ್ಕೆ ಅಂದದ್ದಲ್ಲ, ನಿಜವಾಗಿಯೂ ಉತ್ತರ ಬೇಕೆಂದು ಕಾಯುತ್ತಿದ್ದಳು. ಅದ್ದಕ್ಕ ನನ್ನ ಕಡೆ ತಿರುಗಿದಳು. ಉಪ್ಪುನೀರಿನ ಗುಳ್ಳೆ ನೋಡಿಯೂ ಸುಮ್ಮನಿದ್ದವಳು ನಾನೂ ಎಂದು ತಂಗಿಗೆ ಹೇಳಿದೆ.