ಪೆನ್ಸಿಲಿನಲ್ಲಿ ಬರೆದ ಅಡ್ಡಹೆಸರು

ಆಡೀನಾ ವೇಡಲ್ ತೀರಿಕೊಂಡದ್ದು 2021ರ ನವೆಂಬರ್ 9, ಮಂಗಳವಾರ. ನಮ್ಮ ಊರಿನ ವಾರಪತ್ರಿಕೆ ಅದನ್ನು ಬುಧವಾರವೆಂದು ಅಚ್ಚು ಹಾಕಿತು. ಜಿಲ್ಲಾ ನ್ಯಾಯಾಲಯದಲ್ಲಿ ನಲವತ್ತನಾಲ್ಕು ವರ್ಷ ಹನ್ನೊಂದು ತಿಂಗಳು ದಾಖಲೆ ಗುಮಾಸ್ತೆಯಾಗಿದ್ದವಳನ್ನು ‘ಟೈಪಿಸ್ಟ್’ ಎಂದು ಕರೆಯಿತು. ಐದು ಸಾಲಿನ ಸುದ್ದಿಯಲ್ಲಿ ಎರಡು ತಪ್ಪು. ತಿದ್ದುಪಡಿ ಕೇಳಬೇಕಾಗಿದ್ದ ನಮ್ಮ ಚರ್ಚಿನ ಸಭೆಯವರು ಐದು ವರ್ಷಗಳಿಂದ ಆಕೆಯ ಮುಖ ನೋಡುವುದನ್ನೇ ಬಿಟ್ಟಿದ್ದರು. ಬಿಟ್ಟದ್ದೇಕೆಂಬುದನ್ನು ಬರೆದಿಡುವುದು ನನ್ನ ಪಾಲಿಗೆ ಬಂದಿದೆ. ನಿವೃತ್ತ ಮೇಷ್ಟ್ರಾದ ನಾನು ಆಗ ಶಾಲಾ ಮಂಡಳಿಯ ಕಾರ್ಯದರ್ಶಿ. ನಡವಳಿ ಪುಸ್ತಕ ನನ್ನ ಕೈಬರಹದಲ್ಲಿದೆ. ನಡೆದದ್ದು ಮಾತ್ರ ಅದರಲ್ಲಿಲ್ಲ.

ಆಕೆ ಕೆಲಸಕ್ಕೆ ಸೇರಿದ್ದು 1972ರ ಆಗಸ್ಟ್ 1ರಂದು, ಇಪ್ಪತ್ತಮೂರನೆಯ ವಯಸ್ಸಿನಲ್ಲಿ. ಅಮೆರಿಕದ ಕಾನ್ಸಾಸಿನ ಗೋಧಿ ಸೀಮೆಯ ಪುಟ್ಟ ಜಿಲ್ಲೆ, ಇಲ್ಲಿನ ಮಾತಿನಲ್ಲಿ ಕೌಂಟಿ, ನಮ್ಮದು. ನ್ಯಾಯಾಲಯದ ನೆಲಮಾಳಿಗೆಯಲ್ಲಿ ಬೆವರುವ ಕೊಳವೆಗಳ ಕೆಳಗೆ ಆರೋಪಿಗಳ ಹೆಸರುಪಟ್ಟಿಯ ಹನ್ನೊಂದು ಸಂಪುಟಗಳು, ಅವುಗಳ ಹಿಂದೆ ಕಡತಗಳ ಪೆಟ್ಟಿಗೆಗಳು. ಆ ಕೋಣೆಯಲ್ಲಿ ಇಲಿಯ ಉಚ್ಚೆಯ ವಾಸನೆ ಎಂದೂ ಹೋಗುತ್ತಿರಲಿಲ್ಲ. ಆಡೀನಾ ಅಲ್ಲಿಯೇ ಮೇಣದ ಕಾಗದ ಬಿಚ್ಚಿ, ರೊಟ್ಟಿಯ ನಡುವೆ ಚೀಸ್ ಇಟ್ಟು ಮಧ್ಯಾಹ್ನದ ಊಟ ಮುಗಿಸುತ್ತಿದ್ದಳು. ಆಕೆಗೆ ಮದುವೆಯಾಗಲಿಲ್ಲ. ಊರಿನ ಅರ್ಧದಷ್ಟು ಜನರ ತಪ್ಪುಗಳು ಆಕೆಯ ತಲೆಯಲ್ಲಿದ್ದವು. ಒಂದೂ ನಾಲಿಗೆಗೆ ಬರಲಿಲ್ಲ.

ನಮ್ಮದು ಮೆನ್ನೊನೈಟ್ ಎಂಬ ಕ್ರೈಸ್ತ ಪಂಥದ ಸಭೆ. ನಮ್ಮ ಅಜ್ಜಂದಿರು ಹಡಗಿನಿಂದ ಇಳಿದಾಗ ತಂದದ್ದು ಹತ್ತು ಹನ್ನೆರಡು ಮನೆತನದ ಹೆಸರುಗಳನ್ನು ಮಾತ್ರ. ಆದ್ದರಿಂದ ನಮ್ಮಲ್ಲಿ ಒಂದೇ ಹೆಸರಿನವರು ಮೂವರೋ ಐವರೋ ಇರುವುದು ಸಾಮಾನ್ಯ. ಅವರನ್ನು ಬೇರೆ ಮಾಡುವುದು ಅಡ್ಡಹೆಸರು. 1983ರಲ್ಲಿ ಎಲ್ಮರ್ ಶ್ರಾಗ್ ಎಂಬವರು ಮೂವರಿದ್ದರು: ಗಾಳಿಯಂತ್ರದ ಎಲ್ಮರ್, ಹಂದಿ ಎಲ್ಮರ್, ಕೆಂಪು ಎಲ್ಮರ್. ಹೆಸರುಪಟ್ಟಿಯಲ್ಲಿ ಹುಟ್ಟಿದ ದಿನಾಂಕ ಬರೆಯುವ ಪದ್ಧತಿ ಇರಲಿಲ್ಲ. ಗುಮಾಸ್ತರು ಹೆಸರನ್ನು ಶಾಯಿಯಲ್ಲಿ ಬರೆದು, ಪಕ್ಕದಲ್ಲಿ ಅಡ್ಡಹೆಸರನ್ನು ಪೆನ್ಸಿಲಿನಲ್ಲಿ ತೆಳುವಾಗಿ ಗುರುತು ಹಾಕುತ್ತಿದ್ದರು. ಅಡ್ಡಹೆಸರು ಕಾನೂನಿನದಲ್ಲ, ಆದ್ದರಿಂದ ಶಾಯಿ ಸಲ್ಲದು ಎಂಬುದು ನಿಯಮ.

2009ರ ಅಕ್ಟೋಬರಿನಲ್ಲಿ ಕೌಂಟಿಯವರು ಆ ಸಂಪುಟಗಳನ್ನು ಯಾವುದೋ ಊರಿನ ಕಂಪನಿಯೊಂದಕ್ಕೆ ಒಪ್ಪಿಸಿ ಪುಟ ಪುಟವನ್ನೂ ಸ್ಕ್ಯಾನ್ ಮಾಡಿಸಿದರು. ಶಾಯಿ ಬಂತು, ಪೆನ್ಸಿಲ್ ಬರಲಿಲ್ಲ. ಮೂರೇ ವರ್ಷದಲ್ಲಿ ಆ ಪಟ್ಟಿ ನೂರು ಜಾಲತಾಣಗಳಿಗೆ ಹರಡಿತು. ನೆರೆಯವನ ಕೊಳಕನ್ನು ಚಾದರದೊಳಗೆ ಮಲಗಿಕೊಂಡೇ ಮೂಸುವ ಸೌಕರ್ಯ ನಮ್ಮ ಜನಕ್ಕೆ ಸಿಕ್ಕಿತು. ಪ್ರಾರ್ಥನೆಯ ಬೆಂಚಿನಲ್ಲಿ ಕುಳಿತು ಫೋನು ಸವರಿದವರನ್ನು ನಾನು ಕಂಡಿದ್ದೇನೆ.

2016ರ ಫೆಬ್ರವರಿ 25, ಗುರುವಾರ. ಊರಿಗೆ ಹೊಸದಾಗಿ ಬಂದ ತಾಯಿಯೊಬ್ಬಳು ಅಂಥ ಒಂದು ಪುಟವನ್ನು ಮುದ್ರಿಸಿ ಶಾಲೆಗೆ ತಂದುಕೊಟ್ಟಳು: ‘ಎಲ್ಮರ್ ಶ್ರಾಗ್. ಮಾರಕ ಹಲ್ಲೆ. 1983. ತಪ್ಪೊಪ್ಪಿಗೆ.’ ಶಾಲೆಯ ನಾಲ್ಕನೆಯ ನಂಬರಿನ ಬಸ್ಸನ್ನು ಇಪ್ಪತ್ತೆರಡು ವರ್ಷಗಳಿಂದ ಓಡಿಸುತ್ತಿದ್ದವನು ಕೆಂಪು ಎಲ್ಮರ್ ಶ್ರಾಗ್. ಅದೇ ದಿನ ಅವನ ಕೈಯಿಂದ ಬಸ್ಸಿನ ಬೀಗದ ಕೈ ಕಿತ್ತುಕೊಂಡರು. ಅವನನ್ನು ಕೆಲಸದಿಂದ ತೆಗೆಯಬೇಕೋ ಬೇಡವೋ ಎಂಬುದನ್ನು ಮಾರ್ಚ್ 14ರ ಮಂಡಳಿಯ ಸಭೆಗೆ ಬಿಟ್ಟರು.

ಹೊಸಬಳಿಗೆ ತಿಳಿಯದು, ಅವಳನ್ನು ದೂರುವುದಿಲ್ಲ. ಆದರೆ ಊರಿನಲ್ಲಿ ಐವತ್ತು ದಾಟಿದ ಪ್ರತಿಯೊಬ್ಬನಿಗೂ ಆ ಎಲ್ಮರ್ ಯಾರೆಂದು ಗೊತ್ತಿತ್ತು. 1983ರ ಮೇ 19ರಂದು ಕೂಲಿಯಾಳಿನ ಮುಖಕ್ಕೆ ಕಬ್ಬಿಣದ ಸ್ಪ್ಯಾನರ್ ಬೀಸಿ ಅವನ ಎಡಗಣ್ಣು ತೆಗೆದವನು ಗಾಳಿಯಂತ್ರದ ಎಲ್ಮರ್. ಯುದ್ಧಕ್ಕೂ ಕೈಯಲ್ಲಿ ಕೋವಿ ಹಿಡಿಯೆವು ಎಂದು ಸಾರುವ ನಮ್ಮ ಸಭೆಯಲ್ಲಿ ಅವನು ಹಿರಿಯ ಸೇವಕ. ಅವನು ಜೈಲಿನಲ್ಲಿದ್ದ ಅರವತ್ತು ದಿನಗಳನ್ನು ಎಲ್ಲರೂ ಸೇರಿ ‘ಓಕ್ಲಹೋಮಾದ ತಮ್ಮನ ಮನೆಗೆ ಹೋಗಿದ್ದಾರೆ’ ಎಂದು ಹೇಳಿ ಮುಗಿಸಿದ್ದರು. 2004ರಲ್ಲಿ ಸತ್ತಾಗ ಶಾಲೆಯ ವ್ಯಾಯಾಮಶಾಲೆಗೆ ಅವನ ಹೆಸರಿಟ್ಟರು. 2016ರಲ್ಲಿ ಮಂಡಳಿಯ ಅಧ್ಯಕ್ಷನಾಗಿದ್ದ ಗೇಲಾರ್ಡ್ ಬುಲರ್ ಅವನ ಅಳಿಯ.

ಗೊತ್ತಿದ್ದವರಲ್ಲಿ ನಾನೂ ಒಬ್ಬ. ಬಾಯಿ ಬಿಡಲಿಲ್ಲ.

ಮಾರ್ಚ್ 2, ಬುಧವಾರ ಕೆಂಪು ಎಲ್ಮರ್ ನ್ಯಾಯಾಲಯದ ಮೆಟ್ಟಿಲು ಹತ್ತಿ ಆಡೀನಾಳ ಮುಂದೆ ನಿಂತ. ನಡೆದದ್ದನ್ನು ಅವನೇ ಆಮೇಲೆ ನನಗೆ ಹೇಳಿದ.

“ಅಕ್ಕಾ, ಅದು ನಾನಲ್ಲ ಅಂತ ನಿಮ್ಗೆ ಗೊತ್ತಲ್ಲ.”

“ನಂಗೆ ಗೊತ್ತಿರೋದು ಈ ಮೇಜಿನ ಮೇಲೆ ನಡೆಯಲ್ಲ ಎಲ್ಮರ್. ಯಾರು ಯಾರು ಅಂತ ನಾನು ಬಾಯಲ್ಲಿ ಹೇಳೋ ಹಾಗಿಲ್ಲ. ನೀನು ಕೇಳು, ಕೇಳಿದ್ದು ಕೊಡ್ತೀನಿ.”

“ಏನಂತ ಕೇಳ್ಲಿ?”

“ಮೊದ್ಲು ಹೆಸರಿನ ಪುಸ್ತಕ ಕೇಳು. ಅದ್ರಲ್ಲಿ ಮೊಕದ್ದಮೆ ನಂಬರ್ ನೋಡ್ಕೋ. ನಂಬರ್ ಹಿಡ್ಕೊಂಡು ಕಡತ ಕೇಳು. ಕಡತ ಬಂದ್ಮೇಲೆ ಮೊದಲ್ನೇ ಹಾಳೆ ಓದ್ಬೇಡ, ಅದು ಬರೀ ಆರೋಪ, ಯಾರ ಮೇಲ್ ಬೇಕಾದ್ರೂ ಹೊರಿಸ್ಬೋದು. ಕೊನೇ ಹಾಳೆ ಓದು, ಅದು ತೀರ್ಪು. ಮಧ್ಯದಲ್ಲಿ ಜೈಲಿನೋರು ಬರೆದಿದ್ದೊಂದು ಹಾಳೆ ಇರತ್ತೆ. ಹುಟ್ಟಿದ್ ದಿನ ಅದ್ರಲ್ಲಿದೆ.”

“ಇಷ್ಟೆಲ್ಲಾನಾ? ಆ ಹೆಂಗ್ಸು ಹಲ್ಲುಜ್ಜೋ ಹೊತ್ತಲ್ಲಿ ಫೋನಲ್ಲೇ ನೋಡಿದ್ಳಂತೆ.”

“ಹಲ್ಲುಜ್ಜೋ ಹೊತ್ತಲ್ಲಿ ಸಿಗೋದು ಉಗಿಯೋಕೇ ಲಾಯಕ್ಕು. ಚೀಟಿ ಬರಿ, ಬರಿ.”

ಅವನು ಚೀಟಿ ಬರೆದ. ಪುಸ್ತಕದ ಪುಟವನ್ನು ನಕಲು ಯಂತ್ರಕ್ಕೆ ಕೊಟ್ಟರೆ ಅದೂ ಪೆನ್ಸಿಲನ್ನು ನುಂಗಿಹಾಕಿತು. ಕೊನೆಗೆ ಆಕೆ ಏಣಿ ಹತ್ತಿ, ಕೊಳವೆಯ ಹಿಂದೆ ಸತ್ತು ಒಣಗಿದ್ದ ಇಲಿಯನ್ನು ಪೊರಕೆಯಿಂದ ಸರಿಸಿ, ಪೆಟ್ಟಿಗೆ ಇಳಿಸಿ, ಕಡತ ತೆಗೆದು, ಜೈಲಿನ ಹಾಳೆಯನ್ನೂ ತೀರ್ಪಿನ ಹಾಳೆಯನ್ನೂ ನಕಲು ಮಾಡಿ ಮುದ್ರೆ ಒತ್ತಿ ಕೊಟ್ಟಳು.

ಸುದ್ದಿ ನಾಲ್ಕು ದಿನದಲ್ಲಿ ಗೇಲಾರ್ಡನ ಕಿವಿ ಮುಟ್ಟಿತು. ಮಾರ್ಚ್ 6, ಭಾನುವಾರ, ಆರಾಧನೆ ಮುಗಿದ ಮೇಲೆ ಚರ್ಚಿನ ಜಗಲಿಯಲ್ಲಿ ಅವನು ಆಡೀನಾಳನ್ನು ಅಡ್ಡಗಟ್ಟಿದ. ನಾನು ಟೋಪಿ ಹುಡುಕುವವನಂತೆ ಪಕ್ಕದಲ್ಲೇ ನಿಂತಿದ್ದೆ.

“ಸಿಸ್ಟರ್ ಆಡೀನಾ, ಆ ನೆಲಮಾಳಿಗೆ ಕಾಗದ ಎಲ್ಲಾ ನೀರು ಬಿದ್ದು ಕೊಳೆತು ಹೋಗಿರ್ಬೇಕಲ್ವಾ?”

“ಇಲ್ಲ ಗೇಲಾರ್ಡ್. ಅಲ್ಲೇ ಕೂತು ನಾನೇ ಇನ್ನೂ ಕೊಳೆತಿಲ್ಲ.”

“ಸತ್ತೋರನ್ನ ಯಾಕೆ ಎಬ್ಬಿಸ್ತೀರಾ? ಎಲ್ಮರ್‌ಗೂ ವಯಸ್ಸಾಯ್ತು, ಇವತ್ತಲ್ಲ ನಾಳೆ ಬಸ್ಸು ಬಿಡೋನೇ.”

“ಬಿಡೋದು ಬೇರೆ. ಕಣ್ಣು ಕಿತ್ತೋನು ಅನ್ನಿಸ್ಕೊಂಡು ಬಿಡೋದು ಬೇರೆ. ನಿಮ್ಮ ಮಾವನ ಹೊರೆ ಅವನ ತಲೆ ಮೇಲೆ ಯಾಕಪ್ಪಾ?”

ಗೇಲಾರ್ಡ್ ನಗುತ್ತಲೇ ಇದ್ದ. ಆ ನಗು ಹಳಸಿದ ಸಾರಿನ ಮೇಲೆ ಏಳುವ ನೊರೆಯ ಹಾಗಿತ್ತು. ನನ್ನ ಕಡೆ ತಿರುಗಿ “ಏನ್ ಮೇಷ್ಟ್ರೇ, ಗೋಧಿ ಚೆನ್ನಾಗಿದೆಯಲ್ವಾ ಈ ಸಲ?” ಎಂದ. ಚೆನ್ನಾಗಿದೆ ಎಂದೆ. ಇಂದಿಗೂ ಆ ಉತ್ತರ ನೆನಪಾದರೆ ನಾಲಿಗೆ ಕಹಿಯಾಗುತ್ತದೆ.

ಮಾರ್ಚ್ 14, ಸೋಮವಾರ, ಸಂಜೆ ಏಳು ಗಂಟೆ. ಶಾಲೆಯ ಗ್ರಂಥಾಲಯದಲ್ಲಿ ಮಂಡಳಿಯ ಏಳು ಸದಸ್ಯರು, ಊರವರು ಮೂವತ್ತೊಂದು ಮಂದಿ. ಎಲ್ಮರ್ ಹಿಂದಿನ ಸಾಲಿನಲ್ಲಿ, ಮಕ್ಕಳ ಕುರ್ಚಿಯೊಂದರಲ್ಲಿ ಮೊಣಕಾಲು ಮಡಚಿ ಕುಳಿತಿದ್ದ. ಎಂದೋ ಕೆಂಪಗಿದ್ದ ಅವನ ತಲೆಗೂದಲು ಬೂದುಬಣ್ಣಕ್ಕೆ ತಿರುಗಿತ್ತು. ಮುದ್ರೆಯಿದ್ದ ಹಾಳೆಗಳನ್ನು ಅವನು ಮೇಜಿನ ಮೇಲಿಟ್ಟರೆ, ಗೇಲಾರ್ಡ್ ಅವನ್ನು ಮುಟ್ಟದೆ ಪೆನ್ನಿನ ತುದಿಯಿಂದ ಪಕ್ಕಕ್ಕೆ ತಳ್ಳಿದ.

“ತೀರಿಕೊಂಡೋರ ವಿಷ್ಯ ಇವತ್ತಿನ ಪಟ್ಟೀಲಿಲ್ಲ. ಎಲ್ಮರ್ ತಾನಾಗೇ ರಾಜೀನಾಮೆ ಕೊಟ್ಬಿಟ್ರೆ ಎಲ್ರಿಗೂ ಮರ್ಯಾದೆ.”

ಮೂವತ್ತೊಂದು ಮಂದಿಯೂ ತಮ್ಮ ತಮ್ಮ ಬೂಟಿನ ಲೇಸುಗಳನ್ನು ನೋಡಿಕೊಂಡರು. ಆಗ ಆಡೀನಾ ಎದ್ದಳು.

“ಊರಿನೋರಿಗೆ ತಲಾ ಮೂರು ನಿಮಿಷ ಮಾತಾಡೋ ಹಕ್ಕಿದೆ. ನಂದು ನಾನು ತಗೋತೀನಿ.” ಎದ್ದುಬಂದು ಹಾಳೆ ಕೈಗೆತ್ತಿಕೊಂಡು ಓದಿದಳು. “ಮೊಕದ್ದಮೆ ನಂಬರ್ ನಲವತ್ತೊಂದು, 1983. ಶಿಕ್ಷೆ, ಸೆಪ್ಟೆಂಬರ್ 12ನೇ ತಾರೀಖು, ಅರವತ್ತು ದಿನ. ಅಪರಾಧಿ ಹುಟ್ಟಿದ್ದು 1931, ಅಕ್ಟೋಬರ್ 20. ಕಾಗದ ಇಷ್ಟೇ ಹೇಳತ್ತೆ, ನಾನೂ ಇಷ್ಟೇ ಹೇಳೋದು. ಎಂಬತ್ನಾಕು ವರ್ಷದೋರು ಯಾರಾದ್ರೂ ನಿಮ್ಮ ಬಸ್ಸು ಓಡಿಸ್ತಿದಾರಾ?”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಪುಟ ತಂದಿದ್ದ ತಾಯಿ ಮುಖ ಕೆಂಪಗೆ ಮಾಡಿಕೊಂಡು ಕೇಳಿದಳು: “ಹಾಗಾದ್ರೆ ಇದು ಯಾರ್ದು? ಯಾರಿಗೂ ಗೊತ್ತಿಲ್ವಾ?”

ಕಿಟಕಿಯಾಚೆ ವ್ಯಾಯಾಮಶಾಲೆಯ ಗೋಡೆಯ ಮೇಲೆ ಆ ಹೆಸರು ಮೊಳದುದ್ದದ ಅಕ್ಷರಗಳಲ್ಲಿತ್ತು. ಅವಳು ನೋಡಿದಳು; ಮತ್ತೆ ಕೇಳಲಿಲ್ಲ. ಎಲ್ಮರ್ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ “ತಪ್ಪಾಯ್ತು” ಎಂದಳು. ಆ ಮಾತು ಆ ಕೋಣೆಯಲ್ಲಿ ಅವಳೊಬ್ಬಳಿಂದಲೇ ಬಂತು.

ಮತ ಹಾಕಿದಾಗ ಐದಕ್ಕೆ ಎರಡರಂತೆ ಬಸ್ಸು ಮತ್ತೆ ಎಲ್ಮರನ ಕೈಗೆ ಬಂತು. ‘ಕಾಗದ ಪರಿಶೀಲಿಸಲಾಯಿತು, ಕ್ರಮದ ಅಗತ್ಯವಿಲ್ಲ’ ಎಂದು ಬರೆಯುವಂತೆ ಗೇಲಾರ್ಡ್ ಹೇಳಿದ. ಬರೆದೆ. ಮುಂದಿನ ಭಾನುವಾರದಿಂದ ಚರ್ಚಿನಲ್ಲಿ ಆಡೀನಾ ಕೂರುವ ಬೆಂಚಿನಲ್ಲಿ ಆಕೆಯ ಅಕ್ಕಪಕ್ಕ ಖಾಲಿಯಾಯಿತು. ಕಣ್ಣು ಕಿತ್ತವನ ಪಕ್ಕದಲ್ಲಿ ಇಪ್ಪತ್ತೊಂದು ವರ್ಷ ಹಾಡಿದ ಜನಕ್ಕೆ, ಕಾಗದ ಓದಿದವಳ ಪಕ್ಕದಲ್ಲಿ ಕೂರುವುದು ಮೈಲಿಗೆಯಾಯಿತು.

ಈಸ್ಟರ್ ಕಳೆದು, ಮಾರ್ಚ್ 29, ಮಂಗಳವಾರ ನಾನು ನಾಚಿಕೆ ತಡೆಯಲಾರದೆ ನ್ಯಾಯಾಲಯಕ್ಕೆ ಹೋದೆ. ಚೀಟಿ ಬರೆದು ಆ ಪುಸ್ತಕ ಕೇಳಿದೆ. ಆಡೀನಾ ತಂದು ತೆರೆದಿಟ್ಟಳು. ಎಲ್ಮರ್ ಶ್ರಾಗ್ ಎಂಬ ಸಾಲಿನ ಪಕ್ಕದಲ್ಲಿ ಪೆನ್ಸಿಲಿನ ಅಕ್ಷರವಿರಲಿಲ್ಲ. ಕಾಗದ ಸವೆದು ನಯವಾಗಿತ್ತು. ರಬ್ಬರಿನ ಬೂದು ಚೂರುಗಳು ಇನ್ನೂ ಹೊಲಿಗೆಯ ಸಂದಿಯಲ್ಲಿ ಅಂಟಿಕೊಂಡಿದ್ದವು.

“ಯಾರು ಮಾಡಿದ್ದು?” ಎಂದೆ.

“ಚೀಟಿ ಬೇಕಾಗಿರೋದು ಕಡತಕ್ಕಷ್ಟೇ, ಪುಸ್ತಕ ಯಾರ್ ಬೇಕಾದ್ರೂ ಹೆಸ್ರು ಹೇಳ್ದೇನೂ ನೋಡ್ಬೋದು ಮೇಷ್ಟ್ರೇ. ನಿಮಗ್ಯಾಕೋ ಚೀಟಿ ಬರೆಯೋ ಚಟ. ಕಾನೂನು ಹಾಗಿದೆ, ಹಾಗೇ ಇರ್ಬೇಕು.”

ಆಕೆ ಏಪ್ರನ್ನಿನ ಜೇಬಿಗೆ ಕೈ ಹಾಕಿದಳು. ಯಾವಾಗಲೂ ಅಲ್ಲಿರುತ್ತಿದ್ದ ಪೆನ್ಸಿಲಿಗೆ ಬದಲಾಗಿ ಶಾಯಿ ಪೆನ್ನು ಹೊರಬಂತು. ಬಗ್ಗಿ, ಉಸಿರು ಬಿಗಿಹಿಡಿದು ‘ಗಾಳಿಯಂತ್ರದ’ ಎಂದು ಬರೆದಳು. ಕೆಳಗೆ ದಿನಾಂಕ, ತನ್ನ ಹೆಸರಿನ ಮೊದಲಕ್ಷರಗಳು.

“ನಿಯಮ ಮುರೀತಿದೀನಿ. ನೋಡಿದ್ರಲ್ಲಾ? ಈ ಸಲನಾದ್ರೂ ಬರ್ಕೊಳ್ಳಿ,” ಎಂದಳು.

ಹನ್ನೊಂದು ಸಂಪುಟಗಳಲ್ಲಿ ಶಾಯಿಯಲ್ಲಿರುವ ಅಡ್ಡಹೆಸರು ಅದೊಂದೇ. ಜಾಲತಾಣದಲ್ಲಿ ಇಂದಿಗೂ ಹಳೆಯ ಪುಟವೇ ಇದೆ. ಕಳೆದ ತಿಂಗಳ 17ರಂದು ನೋಡಿದೆ. ಬರೆದುಕೊಳ್ಳಲು ಆಕೆ ಹೇಳಿದ್ದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.