ಬಸ್ಸಿನ ಮುಖ ಬಲ್ಲ ಕರೆಮ್ಮ

ಅರಕೇರಾದ ಕರೆಮ್ಮನಿಗೆ ಓದು ಬರುತ್ತಿರಲಿಲ್ಲ. ಆದರೂ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಊರವರು ಅವಳನ್ನೇ ಕೇಳಿ ಹತ್ತುತ್ತಿದ್ದರು. ಬೋರ್ಡಿನ ಕಡೆ ಅವಳು ಕಣ್ಣೆತ್ತಿಯೂ ನೋಡಿದವಳಲ್ಲ. ಕುರಿಗಾರರ ಮನೆಯ ಹೆಣ್ಣುಮಗಳು. ದೊಡ್ಡ ಮಂದೆಯಲ್ಲಿ ಯಾವ ಮರಿ ಯಾವ ತಾಯಿಯದು ಎಂದು ಮೂತಿ ನೋಡಿ ಹೇಳುವಾಕಿ. ಅಂಥವಳಿಗೆ ಒಂದು ಬಸ್ಸು ಗುರುತಿಸುವುದು ಯಾವ ಲೆಕ್ಕ? ದೇವದುರ್ಗದ ಬಸ್ಸಿಗೆ ಎಡಗಡೆಯ ದೀಪ ಒಡೆದಿತ್ತು, ಹಿಂದಿನ ಏಣಿಯ ಪಕ್ಕದಲ್ಲಿ ತಗಡಿನ ತೇಪೆ ಇತ್ತು, ಹೊರಡುವ ಮುಂಚೆ ಮುದುಕರ ಹಾಗೆ ಕೆಮ್ಮುತ್ತಿತ್ತು. "ಓದೋರು ಓದ್ಲಿ, ನನಗ ಅದರ ಮುಖ ಗೊತ್ತದ" ಎನ್ನುತ್ತಿದ್ದಳು.

ಕುರಿಯ ಬೆನ್ನು ಹತ್ತಿ ಊರೂರು ತಿರುಗಿ ವಯಸ್ಸು ಕಳೆದವಳು. ಮೊಣಕಾಲು ಹಿಡಿದ ಮೇಲೆ ಮಂದೆಯನ್ನು ಮಗ ಪರಮಣ್ಣನಿಗೆ ಒಪ್ಪಿಸಿ ಮನೆ ಸೇರಿದಳೇನೋ ನಿಜ, ಆದರೆ ಆ ಕಾಲು ಮನೆಯಲ್ಲಿ ನಿಲ್ಲಬೇಕಲ್ಲ. ಅದಕ್ಕೇ ಪ್ರತಿ ಬೇಸಿಗೆ, ಕುರಿಯ ಉಣ್ಣೆ ಕತ್ತರಿಸಿ ಮುಗಿದ ಮೇಲೆ, ತನ್ನನ್ನು ಅಮ್ಮ ಎಂದೇ ಕರೆಯುವ ಮೊಮ್ಮಕ್ಕಳನ್ನು ಕಟ್ಟಿಕೊಂಡು ಎಲ್ಲಾದರೂ ಹೊರಡುವುದು. ಒಂದು ವರ್ಷ ಕೃಷ್ಣಾ ಹೊಳೆಯ ದಂಡೆಗೆ, ಒಂದು ವರ್ಷ ಕವಿತಾಳದ ಸಂತೆಗೆ. ಎಪ್ಪತ್ತೆಂಟನೆಯ ಇಸವಿಯಲ್ಲಿ ಮಕ್ಕಳಿಗೆ ರೈಲು ತೋರಿಸಬೇಕೆಂದು ರಾಯಚೂರಿಗೇ ಹೊರಟಳು.

ಸೊಸೆ ಮಾರೆಮ್ಮ ಬಾಗಿಲಿಗೆ ಅಡ್ಡ ನಿಂತಳು. "ಅತ್ತಿ, ದೊಡ್ಡಾವು ಎರಡನ್ನ ಕರಕೊಂಡು ಹೋಗ್ರಿ. ಸಣ್ಣಾಕಿನ ಬಿಡ್ರಿ. ರಾಯಚೂರಂದ್ರ ಮಂದಿ ಮಂದಿ ತುಳ್ಯಾಡೋ ಊರು."

ಸಣ್ಣಾಕಿ ಅಂದರೆ ಬಾಲಮ್ಮ, ಎಲ್ಲರ ಬಾಯಲ್ಲಿ ಬಾಲಿ. ನಾಲ್ಕು ವರ್ಷದ ಹಟಮಾರಿ. ಆಗಲೇ ಅಜ್ಜಿಯ ಸೀರೆಯೊಳಗೆ ಅರ್ಧ ಹೊಕ್ಕು ನಿಂತಿದ್ದಳು.

"ನನ್ನ ಕೈಯಾಗಿನ ಮರಿ ಒಂದಾರ ತಪ್ಪಿಸಿಕೊಂಡಿದ್ದು ಕೇಳೀಯೇನಬೇ?" ಎಂದಳು ಕರೆಮ್ಮ. ಮಾರೆಮ್ಮ ಮಗಳ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು ದಾರಿ ಬಿಟ್ಟಳು.

ದಿನವೇನೋ ಚೆಂದ ಕಳೆಯಿತು. ಕೋಟೆಯ ಗುಡ್ಡದ ನೆರಳಿನಲ್ಲಿ ರೊಟ್ಟಿ ಗಂಟು ಬಿಚ್ಚಿದರು. ಸ್ಟೇಷನ್ನಿನಲ್ಲಿ ರೈಲು ಹೊಗೆ ಬಿಟ್ಟು ಕೂಗಿದಾಗ ನಡುವಿನ ಮೊಮ್ಮಗ ಕನಕಪ್ಪ ಹೆದರಿ ಅಜ್ಜಿಯ ಕಾಲು ತಬ್ಬಿಕೊಂಡ. ಬಾಲಿ ಮಾತ್ರ ಬಾಯಿ ತೆರೆದು ನೋಡುತ್ತಲೇ ನಿಂತಳು. ತೀನ್ ಕಂದೀಲಿನ ಪೇಟೆಯಲ್ಲಿ ಹಿರಿಯ ಮೊಮ್ಮಗಳು ಹುಲಗೆಮ್ಮನಿಗೂ ಬಾಲಿಗೂ ಬಳೆ ತೊಡಿಸಿದ್ದಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಬಸ್ ಸ್ಟ್ಯಾಂಡಿಗೆ ಬಂದರೆ ಮದುವೆಯ ದಿಬ್ಬಣಗಳು, ಸಾಮಾನಿನ ಗಂಟುಗಳು, ಕಾಲಿಡಲು ಜಾಗವಿಲ್ಲ.

ಊರಿಗೆ ಮರಳಲು ದೇವದುರ್ಗದ ಬಸ್ಸೇ ಹಿಡಿಯಬೇಕು. ಆಗ ಬಂತು ನೋಡಿ, ಒಡೆದ ದೀಪದ ಬಸ್ಸು. ಇನ್ನೂ ನಿಂತಿರಲಿಲ್ಲ, ಜನ ಮುತ್ತಿದರು. ಕಿಟಕಿಯಲ್ಲಿ ಟವೆಲ್ಲು ಎಸೆಯುವವರು, ಚೀಲ ತುರುಕುವವರು, ಮಕ್ಕಳನ್ನೇ ಒಳಗೆ ಇಳಿಬಿಡುವವರು. ಆ ಕಾಲದಲ್ಲಿ ಸೀಟು ಹಿಡಿಯುವ ರೀತಿಯೇ ಅದು. ಕರೆಮ್ಮನಿಗಂತೂ ಅದು ಹೊಸದಲ್ಲ. ಹಳ್ಳ ದಾಟಿಸುವಾಗ ಮೊದಲು ಮರಿಯನ್ನು ಎತ್ತಿ ಆಚೆ ದಂಡೆಗೆ ಬಿಟ್ಟರೆ ತಾಯಿಕುರಿ ತಾನೇ ನೀರಿಗೆ ಬೀಳುತ್ತದೆ, ಅದರ ಹಿಂದೆ ಮಂದೆಯೆಲ್ಲ. ಜೀವಮಾನವೆಲ್ಲ ಅದನ್ನೇ ಮಾಡಿದವಳು ಬಾಲಿಯನ್ನು ಎತ್ತಿದಳು.

ಹುಲಗೆಮ್ಮ ಸೆರಗು ಜಗ್ಗಿ ಏನೋ ಹೇಳಲು ಬಂದಳು.

"ಸುಮ್ಮನಿರಬೇ" ಎಂದು ಗದರಿ, ಬಾಲಿಯನ್ನು ಕಿಟಕಿಯೊಳಗೆ ಇಳಿಸಿದಳು. "ಸೀಟಿನ ಮ್ಯಾಲ ಉದ್ದಕ ಮಲಕ್ಕೊ. ಯಾರು ಬಂದ್ರೂ ಏಳಬ್ಯಾಡ. ನಾ ಬರೋತನಕ ಏಳಬ್ಯಾಡ."

ಬಾಲಿ ಬೋರಲು ಮಲಗಿ ಸೀಟಿನ ಸರಳು ಹಿಡಿದದ್ದನ್ನು ಕಣ್ಣಾರೆ ಕಂಡು, ಉಳಿದಿಬ್ಬರನ್ನು ಎಳೆದುಕೊಂಡು ಬಾಗಿಲ ಕಡೆ ನುಗ್ಗಿದಳು. ಅಷ್ಟರಲ್ಲಿ ಕನಕಪ್ಪನ ಕೈ ಜಾರಿತು. ಜನರ ಕಾಲ ಸಂದಿಯಲ್ಲಿ ಬಿದ್ದ ಚಪ್ಪಲಿ ಹುಡುಕಲು ಬಗ್ಗಿದ್ದ, ಪುಣ್ಯಾತ್ಮ. ಅವನನ್ನು ರಟ್ಟೆ ಹಿಡಿದು ಎಬ್ಬಿಸಿ ತಿರುಗುವಷ್ಟರಲ್ಲಿ ಕಂಡಕ್ಟರು ಸೀಟಿ ಊದಿದ, ಬಾಗಿಲು ಬಡಿಯಿತು. ಬಸ್ಸು ಎರಡು ಸಲ ಕೆಮ್ಮಿ ಹೊರಟೇಬಿಟ್ಟಿತು.

ಕರೆಮ್ಮ ಓಡಿದಳು. ಆ ಮೊಣಕಾಲಿನಲ್ಲಿ ಹೇಗೆ ಓಡಿದಳೋ. ತಗಡಿನ ತೇಪೆಗೆ ಕೈ ತಾಗುವಷ್ಟು ಹತ್ತಿರ ಹೋದಳು, ಕೂಗಿದಳು. ಆ ಗದ್ದಲದಲ್ಲಿ ಯಾರು ಕೇಳಬೇಕು? ಬಸ್ಸು ಧೂಳೆಬ್ಬಿಸಿಕೊಂಡು ತಿರುವಿನಲ್ಲಿ ಮರೆಯಾಯಿತು. ಮರಿ ಆಚೆ ದಂಡೆ ಸೇರಿತ್ತು, ತಾಯಿ ಈಚೆ ಉಳಿದಿದ್ದಳು.

ಬಸ್ಸುಗಳ ವೇಳೆ ಕೂಗಿ ಹೇಳುವ ವಿರೂಪಣ್ಣ ತನ್ನ ಕೋಣೆಯ ಕಿಟಕಿಯಿಂದ ಇದೆಲ್ಲ ನೋಡಿದ್ದ. ಹೊರಗೆ ಬಂದು ಕೇಳಿದ, "ಯಾಕವ್ವಾ, ಏನಾತು?"

"ನನ್ನ ಕೂಸು ದೇವದುರ್ಗದ ಬಸ್ಸಿನ್ಯಾಗ ಹೋತು, ಯಪ್ಪಾ."

"ದೇವದುರ್ಗದ ಬಸ್ಸು ಇನ್ನೂ ಬಂದೇ ಇಲ್ಲ. ಈಗ ಹೋಗಿದ್ದು ಮಾನ್ವಿ ಬಸ್ಸು."

"ನನಗೇ ಹೇಳ್ತೀಯೇನು? ಎಡಗಣ್ಣು ಒಡದದ, ಹಿಂದ ತೇಪಿ ಅದ. ವರ್ಷಗಟ್ಟಲೆ ಅದರಾಗ ತಿರುಗೀನಿ. ಅದು ದೇವದುರ್ಗದ್ದೇ."

"ಬಸ್ಸು ಅದೇ ಇರಬಹುದವ್ವಾ. ಇವತ್ತು ಮಾನ್ವಿಗೆ ಹೋಗ್ಯದ. ಇದೇನು ಕುರಿಯೇನು, ದಿನಾ ಒಂದೇ ಹಟ್ಟಿಗೆ ಹೋಗಾಕ?"

ಮುದುಕಿಯ ತಲೆಗೆ ಅದು ಇಳಿಯಲಿಲ್ಲ. ಇಳಿದರೂ ಒಪ್ಪಬೇಕಲ್ಲ. ಕೋಣೆಯೊಳಗೆ ಕುಳಿತವನಿಗಿಂತ ತನ್ನ ಕಣ್ಣೇ ದೊಡ್ಡದು ಎಂದು ನಂಬಿದ ಜೀವ. ಅವಳು ಜಗಳ ಆಡುತ್ತ ನಿಂತಷ್ಟು ಹೊತ್ತೂ ಬಸ್ಸು ಮುಂದೆ ಮುಂದೆ ಹೋಗುತ್ತಿತ್ತು.

ಕೊನೆಗೆ ವಿರೂಪಣ್ಣನೇ ಎದುರಿನ ಚಹಾದ ಅಂಗಡಿಗೆ ಕೂಗು ಹಾಕಿದ. ಅಲ್ಲಿ ಜಿಲಾನಿ ಪಾಷಾ ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದ. ಅಕ್ಕಿ ಗಿರಣಿಯ ಲಾರಿ ಡ್ರೈವರು, ಖಾಲಿ ಲಾರಿ ತಗೊಂಡು ಮಾನ್ವಿಗೆ ಹೊರಟಿದ್ದವನು. ಸುದ್ದಿ ಕೇಳಿದವನೇ ಬಸಿ ಅಲ್ಲಿಯೇ ಇಟ್ಟು ಎದ್ದ. "ಬರ್ರಿ ಅವ್ವಾ, ಜಲ್ದಿ ಹತ್ರಿ. ಕಲ್ಮಲಾ ತನಕ ಎರಡೂ ಊರಿಗೆ ಒಂದೇ ದಾರಿ."

ಮಕ್ಕಳನ್ನು ಮುಂದೆ ಹತ್ತಿಸಲು ಕರೆಮ್ಮನಿಗೆ ಈಗ ಧೈರ್ಯ ಬರಲಿಲ್ಲ. ಇಬ್ಬರನ್ನೂ ಎರಡು ಕಂಕುಳಲ್ಲಿ ಅವಚಿಕೊಂಡೇ ಹೇಗೋ ಏರಿದಳು. ಲಾರಿ ಹೊರಟಿತು. ರಸ್ತೆಯ ಮೇಲೆ ಎದುರಿಗೆ ಏನೇ ಕೆಂಪಗೆ ಕಂಡರೂ ಬಸ್ಸೇನೋ ಎಂದು ಅವಳು ಮುಂದಕ್ಕೆ ಬಗ್ಗುತ್ತಿದ್ದಳು. ಎಲ್ಲಾದರೂ ಇಳಿಸಿ ಹೋಗಿದ್ದರೆ? ಕೂಸು ಹೆದರಿ ಕಿಟಕಿಯಿಂದ ಬಗ್ಗಿದ್ದರೆ? ಯಾರಾದರೂ 'ನನ್ನ ಮಗಳು' ಎಂದು ಎತ್ತಿಕೊಂಡು ನಡೆದರೆ, ಅಷ್ಟು ಜನರ ನಡುವೆ ಅಲ್ಲ ಎನ್ನುವವರು ಯಾರು? ಸಂಜೆ ಮಾರೆಮ್ಮ ಬಾಗಿಲಲ್ಲಿ ನಿಂತಿರುತ್ತಾಳೆ. ಎರಡು ಮಕ್ಕಳನ್ನು ಹಿಡಿದು ಆ ಅಂಗಳಕ್ಕೆ ಕಾಲಿಡುವುದಕ್ಕಿಂತ ಹೊಳೆಗೆ ಹಾರುವುದು ಮೇಲು ಅನ್ನಿಸಿತು ಅವಳಿಗೆ.

ಕಲ್ಮಲಾದಲ್ಲಿ ದಾರಿ ಕವಲೊಡೆಯಿತು. ಜಿಲಾನಿ ಪಾಷಾ ಲಾರಿಯನ್ನು ಮಾನ್ವಿಯ ಕಡೆ ಹೊರಳಿಸುತ್ತಿದ್ದಂತೆ ಕರೆಮ್ಮ ಅವನ ತೋಳು ಹಿಡಿದಳು.

"ನಿಲ್ಲಸು. ನಾ ಇಲ್ಲೇ ಇಳೀತೀನಿ. ದೇವದುರ್ಗದ ಕಡಿಗೆ ಬ್ಯಾರೆ ಗಾಡಿ ನೋಡ್ತೀನಿ."

"ಅವ್ವಾ, ವಿರೂಪಣ್ಣ ಮಾನ್ವಿ ಅಂದಾನ."

"ಅವಗೇನು ಗೊತ್ತು. ನಾ ನೋಡೀನಿ."

ಪಾಷಾ ಎಷ್ಟು ಹೇಳಿದರೂ ಕೇಳಲಿಲ್ಲ. ಮಕ್ಕಳನ್ನು ಇಳಿಸಿಕೊಂಡು ಕವಲಿನಲ್ಲಿ ನಿಂತೇಬಿಟ್ಟಳು. ದೇವದುರ್ಗದ ದಾರಿ ಖಾಲಿ ಬಿದ್ದಿತ್ತು, ಒಂದು ಎತ್ತಿನ ಗಾಡಿಯೂ ಇಲ್ಲ. ಲಾರಿ ಗುರುಗುಡುತ್ತ ನಿಂತಿತ್ತು. ಪಾಷಾನಿಗೆ ಹೋಗಲೂ ಮನಸ್ಸಿಲ್ಲ, ನಿಲ್ಲಲೂ ಹೊತ್ತಿಲ್ಲ.

ಆಗ ಹುಲಗೆಮ್ಮ ಅಳುತ್ತ ಬಾಯಿ ಬಿಟ್ಟಳು. ಎರಡನೆಯ ಇಯತ್ತೆ ಓದುತ್ತಿದ್ದ ಹುಡುಗಿ. ಆ ಮನೆಯಲ್ಲಿ ಅಕ್ಷರ ಕಲಿತ ಮೊದಲನೆಯ ಜೀವ ಅದು. "ಯಮ್ಮಾ, ಬೋರ್ಡಿನ ಮ್ಯಾಲ ಮಾನ್ವಿ ಅಂತ ಇತ್ತು."

"ಓದಿದೇನು ನೀನು?"

"ಓದಿದೆ."

"ಮತ್ತ ಆಗಲೇ ಯಾಕ ಹೇಳಲಿಲ್ಲ?"

"ಹೇಳಾಕ ಬಂದಿದ್ದೆ. ನೀನು ಸುಮ್ಮನಿರಬೇ ಅಂದಿ."

ಕರೆಮ್ಮ ಒಂದು ದಾರಿ ನೋಡಿದಳು, ಇನ್ನೊಂದು ದಾರಿ ನೋಡಿದಳು. ಕಣ್ಣ ಮುಂದೆ ಆ ಒಡೆದ ದೀಪ, ಆ ತೇಪೆ, ಎಲ್ಲ ಇನ್ನೂ ಸ್ಪಷ್ಟವಾಗಿದ್ದವು. ಅವಳ ಕಣ್ಣು ತಪ್ಪಿರಲಿಲ್ಲ. ಆ ಮುಖ ಎತ್ತ ಹೊರಟಿತ್ತೆಂದು ಮಾತ್ರ ಗೊತ್ತಿರಲಿಲ್ಲ. ಹಟ ಮಾಡಿ ಹೆಜ್ಜೆ ತಪ್ಪಿಟ್ಟರೆ ಹೋಗುವುದು ತನ್ನ ಮಾನವಲ್ಲ, ಬಾಲಿ. ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಲಾರಿಯ ಕಡೆ ತಿರುಗಿದಳು.

"ಮಾನ್ವಿಗೆ ನಡಿಯಪ್ಪಾ. ಈ ಕೂಸು ಓದ್ಯದ."

ಅವರು ಹತ್ತಿದ್ದೇ ತಡ, ಪಾಷಾ ಗೇರು ಹಾಕಿದ. ಖಾಲಿ ಲಾರಿ ಕುಣಿಯುತ್ತ ಓಡಿತು. ಕಲ್ಲೂರಿನಲ್ಲಿ ನಿಲ್ಲಿಸಿ ಹೋಟೆಲಿನವನನ್ನು ಕೇಳಿದರೆ ಬಸ್ಸು ಆಗಲೇ ದಾಟಿದೆ ಎಂದ. ಒಂದು ಕೂಸಿನ ಸಂಗತಿ ಅವನಿಗೂ ಗೊತ್ತಿತ್ತು. "ಕಂಡಕ್ಟರು ಇಲ್ಲೇ ನಮ್ಮ ಹತ್ರ ಬಿಡಬೇಕಂತ ನೋಡಿದ್ರಿ. ಆ ಹುಡುಗಿ ಸರಳು ಬಿಡವಲ್ಲದು. ಎಬ್ಬಸಾಕ ಹೋದವರ ಕೈ ಕಚ್ಚೇದ. ಹಂಗೇ ಮುಂದಕ ಒಯ್ದ್ರು."

ಬದುಕಿದೆ ಎಂದು ಕೇಳಿ ಕರೆಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅಳು ಮುಗಿಯುವ ಮುಂಚೆಯೇ ಮತ್ತೆ ಹೆದರಿಕೆ ಹತ್ತಿತು. ಮಾನ್ವಿಯಲ್ಲಿ ಎಲ್ಲರೂ ಇಳಿದು ಹೋದ ಮೇಲೆ, ಆ ದೊಡ್ಡ ಸ್ಟ್ಯಾಂಡಿನಲ್ಲಿ ಕೂಸು ಯಾರ ಕೈಗೆ ಸಿಕ್ಕೀತು? ದಾರಿಯುದ್ದಕ್ಕೂ ಅವಳು ಬಾಯಿಗೆ ಬಂದ ದೇವರನ್ನೆಲ್ಲ ಕರೆದಳು. ನಡುನಡುವೆ ಆ ದೇವರುಗಳನ್ನು ಬೈದಳು ಕೂಡ.

ಮಾನ್ವಿಯಲ್ಲಿ ಬಸ್ಸು ಒಂದು ಬದಿಗೆ ಖಾಲಿಯಾಗಿ ನಿಂತಿತ್ತು. ಒಡೆದ ದೀಪ ದೂರದಿಂದಲೇ ಕಂಡಿತು. ಲಾರಿ ನಿಲ್ಲುವ ಮುಂಚೆಯೇ ಅವಳು ಇಳಿಯಲು ಕಾಲು ಚಾಚಿದ್ದಳು, ಪಾಷಾ ರಟ್ಟೆ ಹಿಡಿಯದಿದ್ದರೆ ಬೀಳುತ್ತಿದ್ದಳು. ಬಸ್ಸಿನ ಮೆಟ್ಟಿಲ ಮೇಲೆ ಕಂಡಕ್ಟರು ತಲೆಗೆ ಕೈ ಹೊತ್ತು ಕುಳಿತಿದ್ದ. ಅವಳನ್ನು ನೋಡಿದ ಕೂಡಲೇ ಎದ್ದು ದಾರಿ ಬಿಟ್ಟ. "ಬಂದ್ರೇನವ್ವಾ? ನೋಡ್ರಿ ನಿಮ್ಮ ಹುಡುಗೀನ. ನೀರು ಕೊಟ್ರ ಕುಡೀಲಿಲ್ಲ, ಬಾಳಿಹಣ್ಣು ಕೊಟ್ರ ಮುಟ್ಟಲಿಲ್ಲ."

ಬಾಲಿ ಕಿಟಕಿಯ ಪಕ್ಕದ ಸೀಟಿನ ಮೇಲೆ ಬೋರಲು ಬಿದ್ದಿದ್ದಳು. ಎರಡೂ ಕೈ ಸರಳು ಹಿಡಿದಿದ್ದವು. ಒಂದು ಕೈಯ ಹೊಸ ಬಳೆ ಎಲ್ಲ ಒಡೆದು ಮುಂಗೈ ಗೀರಿತ್ತು. ಲಂಗ ಒದ್ದೆಯಾಗಿತ್ತು, ಸೀಟೂ ಒದ್ದೆಯಾಗಿತ್ತು. ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದಳು.

ಕರೆಮ್ಮ ಬೆನ್ನು ಮುಟ್ಟಿದಳು. ಹುಡುಗಿ ಕಣ್ಣು ತೆರೆಯದೆಯೇ ಒದ್ದಳು.

"ಜಾಗ ಇಲ್ಲ. ನಮ್ಮಮ್ಮ ಬರ್ತಾಳ."

ಅತ್ತು ಅತ್ತು ಧ್ವನಿ ಬಿದ್ದುಹೋಗಿತ್ತು. ಕರೆಮ್ಮ ಆ ಒದ್ದೆ ಸೀಟಿನ ಮೂಲೆಯಲ್ಲಿಯೇ ಕುಳಿತು, ಮರಿಯ ಮೈ ಸವರುವ ಹಾಗೆ ಕತ್ತಿನಿಂದ ಬೆನ್ನಿನವರೆಗೆ ಸವರಿದಳು. ಆ ಕೈಯ ಗುರುತು ಹತ್ತಿ ಬಾಲಿ ಒಂದು ಕಣ್ಣು ತೆರೆದಳು. ಅಜ್ಜಿಯ ಮುಖ ಕಂಡ ಮೇಲೆಯೇ ಸರಳಿನಿಂದ ಕೈ ಬಿಟ್ಟದ್ದು.

"ಯಮ್ಮಾ, ಯಾರಿಗೂ ಕೊಟ್ಟಿಲ್ಲ" ಎಂದಳು.

ಕರೆಮ್ಮ ಅವಳನ್ನು ಎದೆಗೆ ಅವಚಿಕೊಂಡು ಎಷ್ಟೋ ಹೊತ್ತು ಕುಳಿತಿದ್ದಳು. ಪಾಷಾ ಕೆಳಗೆ ನಿಂತು ಕನಕಪ್ಪನಿಗೆ ಒಂದೇ ಚಪ್ಪಲಿ ಯಾಕೆಂದು ಕೇಳುತ್ತಿದ್ದ. ಮಾರೆಮ್ಮನಿಗೆ ಎಲ್ಲವನ್ನೂ ತಾನೇ ಹೇಳಬೇಕು, ಕೂಸಿನ ಬಾಯಿಂದ ಅವಳು ಕೇಳಬಾರದು ಎಂದು ಮುದುಕಿ ಅಲ್ಲಿಯೇ ನಿಶ್ಚಯ ಮಾಡಿದಳು. ಬೈಗುಳ ತಿನ್ನಬೇಕಾದದ್ದೇ. ಮುಂದಿನ ಬೇಸಿಗೆಗೆ ಮಕ್ಕಳನ್ನು ಕಳಿಸದಿದ್ದರೂ ಕೇಳುವ ಬಾಯಿ ತನಗಿಲ್ಲ.

ಅರಕೇರಾದ ಮೇಲೆ ಹಾದು ದೇವದುರ್ಗಕ್ಕೆ ಹೋಗುವ ಬಸ್ಸು ಬಂದಾಗ ಮತ್ತೆ ಜನ ಮುತ್ತಿದರು, ಮತ್ತೆ ಟವೆಲ್ಲುಗಳು ಹಾರಿದವು. ಆ ಬಸ್ಸಿನ ಮುಖವೂ ಕರೆಮ್ಮನಿಗೆ ಗೊತ್ತಿತ್ತು. ಆದರೂ ಅವಳು ಹುಲಗೆಮ್ಮನನ್ನು ಮುಂದೆ ನಿಲ್ಲಿಸಿದಳು.

"ಓದು."

"ದೇವದುರ್ಗ."

"ಇನ್ನೊಮ್ಮಿ ಓದು."

ಓದಿಸಿದ ಮೇಲೆ ಬಾಗಿಲಿಂದಲೇ, ಎಲ್ಲರಿಗಿಂತ ಕೊನೆಗೆ ಹತ್ತಿದಳು. ಆಗ ಯಾವ ಸೀಟು ಉಳಿದೀತು? ದೊಡ್ಡವರಿಬ್ಬರೂ ಅವಳ ಸೀರೆ ಹಿಡಿದು ನಿಂತರು. ಬಾಲಿ ಹೆಗಲ ಮೇಲೆ ತಲೆಯಿಟ್ಟು, ನಿದ್ದೆಗಣ್ಣಲ್ಲಿ ಕಿಟಕಿಗಳ ಕಡೆ ನೋಡಿದಳು.

"ಯಮ್ಮಾ, ಸೀಟು ಹಿಡೀಲೇನು?"

ಕರೆಮ್ಮ ನೋಯುವ ಮೊಣಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಹಾಕಿದಳು. ಕೂಸಿನ ಗೀರಿದ ಮುಂಗೈಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಳು.

"ಬ್ಯಾಡ ನಮ್ಮವ್ವಾ. ನಿಂತೇ ಹೋಗೂಣು."