ಎಂಟು ಟನ್ನಿನ ಲಾರಿ

ಲೆಕ್ಕದ ಮೇಷ್ಟ್ರಿಗೆ ಟನ್ ಅಂದರೆ ಏನೆಂದೇ ಗೊತ್ತಿರಲಿಲ್ಲ. ಧರ್ಮಪುರದಲ್ಲಿ ಇಂದಿಗೂ ಎಲ್ಲರೂ ಹೇಳುವ ಕತೆ ಇದು. ನಾನು ಒಪ್ಪುವುದಿಲ್ಲ. ಅಂದೂ ಒಪ್ಪಿರಲಿಲ್ಲ. ಮೊನ್ನೆ ಹಿರಿಯೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲೇ ಲಾರಿಗೆ ಶೇಂಗಾ ಬೀಜದ ಮೂಟೆ ಹೇರುತ್ತಿದ್ದರು. ಗೋಣಿಯ ಧೂಳಿಗೆ ಬೀಜದ ಎಣ್ಣೆ ಬೆರೆತ ಆ ವಾಸನೆ ಬಂದದ್ದೇ ತಡ, ಹಳೆಯ ಸಿಟ್ಟು ಹಾಗೇ ಎದ್ದು ಕೂತಿತು...

ಮೇಷ್ಟ್ರು ಬೇರೆ ಜಿಲ್ಲೆಯಿಂದ ನಮ್ಮ ಹೈಸ್ಕೂಲಿಗೆ ಬಂದವರು. ನಮ್ಮ ದೊಡ್ಡಪ್ಪನ ಮನೆಯ ಹೊರಕೋಣೆಯಲ್ಲಿ ಇದ್ದರು. ಕಿಲೋ ಬಂದು ವರ್ಷಗಳಾಗಿದ್ದರೂ ಊರಿನ ಬಾಯಲ್ಲಿ ಸೇರು, ಮಣಗಳೇ ಓಡಾಡುತ್ತಿದ್ದವು. ಮೇಷ್ಟ್ರು ಸಂಜೆ ಹೊತ್ತು ಶಾಲೆಯ ಜಗಲಿಯಲ್ಲಿ ದೊಡ್ಡವರಿಗೆ ಹೊಸ ತೂಕ ಕಲಿಸಲು ಕೂತರು. ಕುರಿ ಕಾಯುವವರೂ ಬರುತ್ತಿದ್ದರು. "ನೂರು ಕಿಲೋ ಒಂದು ಕ್ವಿಂಟಾಲ್, ಹತ್ತು ಕ್ವಿಂಟಾಲ್ ಒಂದು ಮೆಟ್ರಿಕ್ ಟನ್. ಸೊನ್ನೆ ಸೇರಿಸೋದು ಬಿಟ್ರೆ ಇದರಲ್ಲಿ ಇನ್ನೇನಿದೆ?" ಎನ್ನುತ್ತಿದ್ದರು. ಆ ಜಗಲಿ ತುಂಬುವುದನ್ನು ನೋಡಿದಾಗ ಅವರ ಮುಖ ಅರಳುತ್ತಿತ್ತು.

ಆ ವರ್ಷ ಊರಿನವರೆಲ್ಲ ಸೇರಿ ಶೇಂಗಾ ಬೀಜವನ್ನು ಒಂದೇ ಲಾರಿಯಲ್ಲಿ ಪೇಟೆಗೆ ಕಳಿಸುವುದೆಂದಾಯಿತು. ಒಟ್ಟು ಇನ್ನೂರ ಹದಿನಾರು ಮಣ ಎಂದು ದೊಡ್ಡಪ್ಪ ಹೇಳಿದರು. ಎಷ್ಟು ಟನ್ನಿನ ಲಾರಿ ಬೇಕು? ಇಪ್ಪತ್ತೇಳು ಮಣ ಹೆಚ್ಚುಕಡಿಮೆ ಒಂದು ಟನ್, ಅಂದರೆ ಎಂಟು ಟನ್ ಎಂದರು ಮೇಷ್ಟ್ರು. ಆ ಮಾತು ನಡೆದದ್ದು ಅವರಿಬ್ಬರ ನಡುವೆಯೇ. ಎಂಟು ಟನ್ನಿನ ಲಾರಿಯೇ ಕಣಕ್ಕೆ ಬಂತು. ಮೂಟೆಗಳೆಲ್ಲ ಏರಿದ ಮೇಲೂ ಲಾರಿಯ ಹಿಂಭಾಗ ಬಟಾಬಯಲು.

"ಏನ್ರಿ ಮೇಷ್ಟ್ರೇ, ಉಳಿದ ಬೀಜ ಎಲ್ಲೈತ್ರಿ? ಇಲಿ ತಿಂದ್ವಾ?" ಎಂದ ಡ್ರೈವರ್.

"ಅದು ಮೆಟ್ರಿಕ್ ಟನ್ ಕಣಪ್ಪ," ಗುಂಪಿನಿಂದ ಯಾರೋ ಕೂಗಿದರು. "ಮೆಟ್ರಿಕ್ ಫೇಲಾಗೈತೆ!"

ಕಣವೆಲ್ಲ ನಗೆ. ಆದರೆ ಟನ್ ಏನು ತಪ್ಪು ಮಾಡಿತ್ತು? ಅದು ಸಾವಿರ ಕಿಲೋ. ಧರ್ಮಪುರದಲ್ಲೂ ಸಾವಿರ, ಹೊಳಲ್ಕೆರೆಯಲ್ಲೂ ಸಾವಿರ. ಎರಡು ನಾಲಿಗೆ ಇದ್ದದ್ದು ಮಣಕ್ಕೆ. ಪುಸ್ತಕದ ಮಣ ಮೂವತ್ತೇಳು ಕಿಲೋ ಮೇಲೆ. ನಮ್ಮೂರಿನ ಮಣ ಹನ್ನೊಂದು ಕಿಲೋ ಚಿಲ್ಲರೆ. ಮೇಷ್ಟ್ರು ಭಾಗಿಸಿದ್ದು ಪುಸ್ತಕದ ಮಣದಲ್ಲಿ, ದೊಡ್ಡಪ್ಪ ಎಣಿಸಿದ್ದು ಊರಿನ ಮಣದಲ್ಲಿ. ನಿಜವಾಗಿ ಅಲ್ಲಿದ್ದದ್ದು ಎರಡೂವರೆ ಟನ್ನೂ ಅಲ್ಲ. ಇದನ್ನೇ ನಾನು ಗಂಟಲು ಹರಿಯುವಂತೆ ಕೂಗಿ ಹೇಳಿದೆ: "ಯಾವ ಮಣ ಅಂತ ಕೇಳ್ರಿ ಮೊದ್ಲು!"

"ಲೇ, ಬಾಯಿ ಮುಚ್ಚು," ಎಂದರು ದೊಡ್ಡಪ್ಪ. "ಮಣಕ್ಕೂ ಜಾತಿ ಐತೇನ್ಲೇ?"

ಮತ್ತೆ ನಗೆ. ವಾದಕ್ಕೆ ಉತ್ತರ ಕೊಡಬಹುದು, ನಗೆಗೆ ಏನು ಕೊಡುವುದು? ಮೇಷ್ಟ್ರ ಕಡೆ ತಿರುಗಿದೆ. ನೀವಾದರೂ ಹೇಳಿ ಎಂದು ಕಣ್ಣಲ್ಲೇ ಬೇಡಿದೆ. ಅವರು ಒಮ್ಮೆ ದೊಡ್ಡಪ್ಪನನ್ನು ನೋಡಿದರು. "ಬಿಡಪ್ಪ, ಹೋಗಾಣ" ಎಂದು ನಮ್ಮೂರಿನ ಮಾತಿನಲ್ಲೇ ಹೇಳಿ ನಡೆದುಬಿಟ್ಟರು. ಆ ಮೌನವನ್ನು ನಾನು ಇನ್ನೂ ಕ್ಷಮಿಸಿಲ್ಲ...

ಜಗಲಿ ಖಾಲಿಯಾಯಿತು. ಮೊದಮೊದಲು ಹೆಂಗಸರು ಒಬ್ಬಿಬ್ಬರು ಬಂದರು, ಆಮೇಲೆ ಅವರೂ ಇಲ್ಲ. 'ಟನ್ ಮೇಷ್ಟ್ರು' ಎಂಬ ಹೆಸರು ಮಕ್ಕಳ ಬಾಯಿಗೂ ಬಂತು. ಮೇಷ್ಟ್ರು ದೀಪ ಹಚ್ಚಿಟ್ಟು ಒಬ್ಬರೇ ಕೂತಿರುತ್ತಿದ್ದರು. ಶಾಲೆಯ ವರ್ಷ ಮುಗಿಯುವಷ್ಟರಲ್ಲಿ ತಾವೇ ಕೇಳಿಕೊಂಡು ಬಾಗೂರಿನ ಕಡೆಗೆ ವರ್ಗ ಮಾಡಿಸಿಕೊಂಡರು.

ಹಿರಿಯೂರಿನಿಂದ ಅವತ್ತು ನೇರ ಊರಿಗೇ ಬಂದೆ. ದೊಡ್ಡಪ್ಪ ಮನೆಯ ಜಗಲಿಯಲ್ಲಿ ಬಾಗೂರಿನ ಕಡೆಯ ಯಾರೋ ಬೀಗರಿಗೆ ಅದೇ ಲಾರಿಯ ಕತೆ ಹೇಳುತ್ತ ನಗಿಸುತ್ತಿದ್ದರು. ಮೇಷ್ಟ್ರು ಹೋದ ವರ್ಷ ತೀರಿಕೊಂಡರೆಂದು ಆ ಬೀಗರೇ ನಡುವೆ ಹೇಳಿದರು. ಇನ್ನು ಅವರನ್ನು ಕೇಳುವಂತಿಲ್ಲ. ದೊಡ್ಡಪ್ಪ ಎಲೆಗೆ ಸುಣ್ಣ ಸವರತೊಡಗಿದರು.

"ದೊಡ್ಡಪ್ಪ, ಇದೊಂದು ಹೇಳಿಬಿಡು," ಎಂದೆ. "ಯಾವ ಮಣ ಅಂತ ಮೇಷ್ಟ್ರು ಆವತ್ತು ನಿನ್ನ ಕೇಳಿದ್ರಾ, ಇಲ್ವಾ?"